ಪಿಗ್ಮಿ ಲೆಕ್ಕದ ವ್ಯಾಯಾಮ

ನಮ್ಮ ಮಂಗಳೂರಿನಲ್ಲಿ ವ್ಯಾಯಾಮದ ಬಗ್ಗೆ ಸಿಗುವ ಉಪದೇಶ ಬಹುಮಟ್ಟಿಗೆ ಬೆಳಗಿನ ಐದು ಗಂಟೆಯಿಂದಲೇ ಆರಂಭವಾಗುತ್ತದೆ. ಐದಕ್ಕೆ ಏಳಬೇಕು, ಬಿಸಿನೀರು ಕುಡಿಯಬೇಕು, ಕದ್ರಿ ಪಾರ್ಕಿಗೋ ಮಂಗಳಾ ಕ್ರೀಡಾಂಗಣಕ್ಕೋ ಹೋಗಿ ಒಂದು ಗಂಟೆ ನಡೆಯಬೇಕು, ಬಂದು ಸೂರ್ಯನಮಸ್ಕಾರ ಮಾಡಬೇಕು ಎಂದು ಹೇಳುವವರು ಹೆಚ್ಚಾಗಿ ನಿವೃತ್ತರು, ಇಲ್ಲವೇ ಬೆಳಗಿನ ತಿಂಡಿ ತಾನಾಗಿ ಮೇಜಿಗೆ ಬರುವ ಮನೆಯ ಗಂಡಸರು. ಅವರ ಆರೋಗ್ಯದ ಬಗ್ಗೆ ನನಗೆ ಸಂತೋಷವೇ ಇದೆ. ಆದರೆ ಒಂಬತ್ತೂವರೆಗೆ ಕಚೇರಿಯ ಕುರ್ಚಿಯಲ್ಲಿರಬೇಕಾದ, ಸಂಜೆ ಏಳರ ಹೊತ್ತಿಗೆ ಮನೆ ಮುಟ್ಟುವ, ಆಮೇಲೆ ಮಕ್ಕಳ ಪಾಠ, ಮರುದಿನದ ತರಕಾರಿ, ವಯಸ್ಸಾದವರ ಮಾತ್ರೆ ಎಂದು ಹನ್ನೊಂದರವರೆಗೂ ಎದ್ದಿರುವ ಮನುಷ್ಯರಿಗೆ ಐದು ಗಂಟೆಯ ಅಲಾರಾಂ ಎಂದರೆ ನಿದ್ರೆಯಿಂದ ಒಂದು ಗಂಟೆಯನ್ನು ಕಿತ್ತುಕೊಳ್ಳುವುದಲ್ಲದೆ ಬೇರೇನೂ ಅಲ್ಲ. ವಯಸ್ಕರಿಗೆ ರಾತ್ರಿ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕು ಎಂಬುದು ನಿದ್ರಾ ತಜ್ಞರ ಸಾಮಾನ್ಯ ಅಭಿಪ್ರಾಯ. ಅದನ್ನು ಕಡಿತಗೊಳಿಸಿ ಶುರುಮಾಡಿದ ವ್ಯಾಯಾಮ ತಿಂಗಳುಗಟ್ಟಲೆ ಉಳಿದದ್ದನ್ನು ನನ್ನ ಸುತ್ತಿನವರಲ್ಲಿ ನಾನು ಕಂಡಿಲ್ಲ.

ನಾನು ಹಂಪನಕಟ್ಟೆಯ ಸಮೀಪದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸದವನು. ಮನೆ ಕೊಟ್ಟಾರದ ಕಡೆ. ದಿನವಿಡೀ ಮೈಗೆ ಏನೂ ಕೆಲಸವಿಲ್ಲದ, ಆದರೆ ಸಂಜೆಯಾಗುವಾಗ ಮೈಯೆಲ್ಲ ಸೋತುಹೋದಂತೆ ಅನಿಸುವ ಉದ್ಯೋಗ ಇದು. ನಮ್ಮ ಕಚೇರಿಯ ಹಿರಿಯರೊಬ್ಬರು ಬಹಳ ಸಲ ಕೇಳುವ ಪ್ರಶ್ನೆಯೊಂದಿದೆ: "ಕೂತೇ ಇದ್ದದ್ದಲ್ವಾ ಮಾರಾಯ್ರೆ, ಆದ್ರೂ ಇಷ್ಟು ಬಚ್ಚುವುದು ಹೇಗೆ?" ಬಚ್ಚುವುದು ಎಂದರೆ ನಮ್ಮ ಕಡೆ ದಣಿಯುವುದು. ವಾರದೊಳಗೆ ವ್ಯಾಯಾಮಕ್ಕೆ ಜಾಗ ಹುಡುಕುವ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಬೇಕೆಂದು ನನಗೆ ಅನಿಸುತ್ತದೆ. ಏಕೆಂದರೆ ನಾವು ವ್ಯಾಯಾಮವನ್ನು ಮುಂದೂಡುವುದು ಸಮಯವಿಲ್ಲ ಎಂಬ ಕಾರಣಕ್ಕಿಂತ ಹೆಚ್ಚಾಗಿ ಶಕ್ತಿಯಿಲ್ಲ ಎಂಬ ಕಾರಣಕ್ಕೆ. ಸಂಜೆ ಮೊಬೈಲ್ ನೋಡುತ್ತ ಕೂರುವ ಮುಕ್ಕಾಲು ಗಂಟೆ ಎಲ್ಲರ ಬಳಿಯೂ ಇರುತ್ತದೆ. ಏಳುವ ಮನಸ್ಸು ಮಾತ್ರ ಇರುವುದಿಲ್ಲ.

2009ರಲ್ಲಿ ಸಾಮುಯೆಲೆ ಮಾರ್ಕೋರಾ ಎಂಬ ಸಂಶೋಧಕ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ನೇರವಾಗಿ ಸಂಬಂಧಿಸಿದ್ದು. ಹದಿನಾರು ಮಂದಿಯನ್ನು ಒಂದು ದಿನ 90 ನಿಮಿಷ ಕಂಪ್ಯೂಟರಿನ ಎದುರು ಗಮನವಿಟ್ಟು ಮಾಡಬೇಕಾದ ಕೆಲಸದಲ್ಲಿ ತೊಡಗಿಸಿ, ಮತ್ತೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ನೋಡಲು ಬಿಟ್ಟು, ಎರಡೂ ದಿನ ಬಳಿಕ ಇನ್ನಾಗದು ಎನ್ನುವವರೆಗೆ ಸೈಕಲ್ ತುಳಿಸಿದರು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡು ತುಳಿದವರು ತಲೆಗೆ ಕೆಲಸ ಕೊಟ್ಟ ದಿನ 640 ಸೆಕೆಂಡಿಗೇ ನಿಲ್ಲಿಸಿದರು. ಹೃದಯದ ಕೆಲಸದಲ್ಲಿಯಾಗಲಿ ಸ್ನಾಯುಗಳ ಶಕ್ತಿವ್ಯಯದಲ್ಲಿಯಾಗಲಿ ಇದಕ್ಕೆ ಕಾರಣವಾಗುವ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಅವರಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಅನಿಸುತ್ತಿತ್ತು ಎಂಬುದರಲ್ಲಿ. ಅಂದರೆ ಲೆಡ್ಜರ್ ನೋಡಿ ನೋಡಿ ದಣಿದವನ ಕಾಲುಗಳು ದಣಿದಿರುವುದಿಲ್ಲ. ಆದರೆ ಅದೇ ಮೆಟ್ಟಿಲು ಅವನಿಗೆ ಇಮ್ಮಡಿ ಎತ್ತರವಾಗಿ ಕಾಣುತ್ತದೆ. ಹಿರಿಯರ ಪ್ರಶ್ನೆಗೆ ಉತ್ತರ ಇದೇ. ಈ ದಣಿವು ಸುಳ್ಳಲ್ಲ, ನೆಪವೂ ಅಲ್ಲ. ಆದರೆ ಅದು ದೇಹಕ್ಕೆ ವಿಶ್ರಾಂತಿ ಬೇಕೆಂಬ ಸೂಚನೆಯಲ್ಲ.

ಇದಕ್ಕೆ ಪೂರಕವಾದ ಇನ್ನೊಂದು ಅಧ್ಯಯನ 2008ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಿಂದ ಬಂತು. ಬೇರೆ ಕಾಯಿಲೆಯಿಲ್ಲದೆ ಸದಾ ಸುಸ್ತು ಎನ್ನುತ್ತಿದ್ದ, ವ್ಯಾಯಾಮದ ಅಭ್ಯಾಸವಿಲ್ಲದ 36 ಯುವಜನರನ್ನು ಮೂರು ಗುಂಪು ಮಾಡಿ, ಎರಡು ಗುಂಪಿನವರಿಂದ ಆರು ವಾರ ಕಾಲ ವಾರಕ್ಕೆ ಮೂರು ಸಲ, ಸಲಕ್ಕೆ 20 ನಿಮಿಷ ಸೈಕಲ್ ತುಳಿಸಲಾಯಿತು. ಮಧ್ಯಮ ವೇಗದಲ್ಲಿ ತುಳಿದವರ ಆಯಾಸ ಶೇಕಡಾ 49ರಷ್ಟು ಇಳಿದರೆ, ಹಗುರವಾಗಿ ತುಳಿದವರದ್ದು ಶೇಕಡಾ 65ರಷ್ಟು ಇಳಿಯಿತು. ಸಣ್ಣ ಪ್ರಯೋಗ, ನಿಜ. ಇದರ ಮೇಲೆ ದೊಡ್ಡ ಮಾತು ಕಟ್ಟುವಂತಿಲ್ಲ. ಆದರೂ ದಣಿದವನಿಗೆ ಹಗುರ ವ್ಯಾಯಾಮವೇ ಹೆಚ್ಚು ಹಿತ ಎಂಬ ಅಂಶ ನನಗೆ ಮುಖ್ಯವೆನಿಸಿತು. ಜಿಮ್ ಸೇರಿದ ಮೊದಲ ವಾರವೇ ಬೆವರಿನಲ್ಲಿ ತೊಯ್ದು, ಮರುದಿನ ಕೈ ಎತ್ತಿ ತಲೆ ಬಾಚಲಾಗದೆ, ಮೂರನೆಯ ವಾರ ಶುಲ್ಕವನ್ನೂ ಮರೆತುಬಿಡುವವರು ಪ್ರತಿ ಜನವರಿಯಲ್ಲಿ ಎಷ್ಟು ಮಂದಿಯಿಲ್ಲ!

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಲ್ಲ ದಣಿವೂ ಕಚೇರಿಯದ್ದಲ್ಲ. 2019ರಿಂದ 2021ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ರಾತ್ರಿ ಗೊರಕೆಯೊಡನೆ ಉಸಿರು ಕಟ್ಟುವ ತೊಂದರೆ ಇವೆಲ್ಲವೂ ಮೊದಲು ಸುಸ್ತಾಗಿಯೇ ಕಾಣಿಸಿಕೊಳ್ಳಬಹುದು. ಚೆನ್ನಾಗಿ ನಿದ್ರಿಸಿದ ಮೇಲೂ ಆಯಾಸ ಬಿಡದಿದ್ದರೆ, ನಡೆಯುವಾಗ ಎದೆ ಹಿಡಿದಂತಾದರೆ, ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ.

ಇನ್ನು ಲೆಕ್ಕದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ, ಅಥವಾ ಎರಡರ ಮಿಶ್ರಣ ಬೇಕು. ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ನಿಮಿಷಕ್ಕೆ ಸುಮಾರು ನೂರು ಹೆಜ್ಜೆಯ ನಡಿಗೆಯನ್ನು ಮಧ್ಯಮ ಶ್ರಮ ಎನ್ನಬಹುದು. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಎಲ್ಲರೂ ಈ 150 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತಾರೆ. ನನ್ನಂಥವರಿಗೆ ಅದಕ್ಕಿಂತ ಹೆಚ್ಚು ಉಪಕಾರಿಯಾದದ್ದು ಅದೇ ಪರಿಷ್ಕರಣೆಯಲ್ಲಿ ಸದ್ದಿಲ್ಲದೆ ಬಿಟ್ಟುಹೋದ ಒಂದು ಷರತ್ತು. 2010ರ ಶಿಫಾರಸಿನಲ್ಲಿ ಒಮ್ಮೆಗೆ ಕನಿಷ್ಠ 10 ನಿಮಿಷ ನಿರಂತರವಾಗಿ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದಿತ್ತು. 2020ರಲ್ಲಿ ಅದನ್ನು ಕೈಬಿಡಲಾಯಿತು. ಎರಡು ನಿಮಿಷದ್ದೂ ಲೆಕ್ಕವೇ, ನಾಲ್ಕು ನಿಮಿಷದ್ದೂ ಲೆಕ್ಕವೇ.

ಕರಾವಳಿಯವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ, ದಿನಕ್ಕೆ ಎರಡಾಣೆ ಉಳಿಸುವವನೂ ಬ್ಯಾಂಕಿನ ಗ್ರಾಹಕನೇ ಎಂದು ಒಪ್ಪಿಕೊಂಡಿತು. ಏಜೆಂಟರು ಅಂಗಡಿಗೂ ಮನೆಗೂ ಬಂದು ಪುಸ್ತಕದಲ್ಲಿ ಬರೆದು ಹಣ ಒಯ್ಯುತ್ತಿದ್ದರು. ಆ ಯೋಜನೆಯ ಜಾಣ್ಮೆ ಇದ್ದದ್ದು ಮೊತ್ತ ಸಣ್ಣದಾದದ್ದರಲ್ಲಿ ಮಾತ್ರವಲ್ಲ. ಉಳಿಸಬೇಕೋ ಬೇಡವೋ ಎಂದು ಅಂಗಡಿಯವನು ಪ್ರತಿ ಸಂಜೆ ಯೋಚಿಸುವ ಪ್ರಮೇಯವೇ ಬರದ ಹಾಗೆ, ನಿಗದಿತ ಹೊತ್ತಿಗೆ ಒಬ್ಬ ಮನುಷ್ಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ದಣಿದ ವಾರದಲ್ಲಿ ವ್ಯಾಯಾಮ ನಡೆಯಬೇಕಾದರೆ ಈ ಎರಡೂ ಗುಣ ಬೇಕು ಎಂಬುದೇ ನಾನು ಹೇಳಬೇಕೆಂದಿರುವ ಮಾತು. ತುಂಡು ಚಿಕ್ಕದಿರಬೇಕು, ಮತ್ತು ದಣಿದ ಹೊತ್ತಿನಲ್ಲಿ ಅದರ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಅಗತ್ಯ ಬೀಳಬಾರದು. ಸಂಜೆ ಏಳೂವರೆಗೆ ಸೋಫಾದಲ್ಲಿ ಕೂತು "ಇವತ್ತು ಹೋಗುವುದಾ ಬೇಡವಾ" ಎಂದು ಕೇಳಿಕೊಂಡರೆ ಉತ್ತರ ಏನೆಂದು ಎಲ್ಲರಿಗೂ ಗೊತ್ತು.

ಹಾಗಾದರೆ ಅದನ್ನು ಎಲ್ಲಿ ಇಡುವುದು? ಹೇಗಿದ್ದರೂ ಮಾಡಲೇಬೇಕಾದ ಕೆಲಸದ ಒಳಗೆ. ಅಂಥ ಕೆಲಸಗಳಲ್ಲಿ ಮೊದಲನೆಯದು ಕಚೇರಿಗೆ ಹೋಗಿಬರುವುದು.

ಮಂಗಳೂರಿನ ಸಿಟಿ ಬಸ್ಸಿನಲ್ಲಿ ದಿನವೂ ಓಡಾಡುವವರ ಎದುರಿಗೇ ಈ ವಿಷಯದ ಬಹಳ ಹಳೆಯ ಪಾಠವೊಂದು ನಡೆಯುತ್ತಿರುತ್ತದೆ. ಚಾಲಕ ಬೆಳಗಿನಿಂದ ರಾತ್ರಿಯವರೆಗೆ ಕೂತಿರುತ್ತಾನೆ. ಕಂಡಕ್ಟರ್ ಕೂರುವುದೇ ಇಲ್ಲ; ನಿಲ್ದಾಣ ಬಂದಾಗ ಇಳಿದು, "ರೈಟ್ ಪೋಯಿ" (ಸರಿ, ಹೋಗೋಣ) ಎಂದು ಹೇಳಿ ಹಾರಿ ಹತ್ತಿ, ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ಜನರ ನಡುವೆ ನುಸುಳುತ್ತಲೇ ಇರುತ್ತಾನೆ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಲಂಡನ್ನಿನ ಬಸ್ಸುಗಳ ಬಗ್ಗೆ ಇದನ್ನೇ ಗಮನಿಸಿ ಬರೆದರು. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಿಗಿಂತ ಕೂತೇ ಇರುತ್ತಿದ್ದ ಚಾಲಕರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚಾಗಿತ್ತು. ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚು ಕಡಿಮೆ ಒಂದೇ ವರ್ಗದ ಜನ. ದುಡಿಮೆಯಲ್ಲಿನ ಚಲನೆಗೂ ಹೃದಯಕ್ಕೂ ಇರುವ ನಂಟನ್ನು ಆಧುನಿಕ ವೈದ್ಯಶಾಸ್ತ್ರ ಗಂಭೀರವಾಗಿ ಪರಿಗಣಿಸಲು ತೊಡಗಿದ್ದು ಈ ಅಧ್ಯಯನದ ನಂತರ ಎನ್ನಬಹುದು. ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ ಎಂಬುದು ನನಗೆ ಅವರ ಮೇಲೆ ಗೌರವ ಹೆಚ್ಚಿಸುವ ಸಂಗತಿ. 1956ರಲ್ಲಿ ಅವರೇ ಇದೇ ಸಿಬ್ಬಂದಿಯ ಸಮವಸ್ತ್ರಗಳ ಅಳತೆಯ ದಾಖಲೆ ನೋಡಿ, ಎಳೆಯ ವಯಸ್ಸಿನಲ್ಲಿಯೇ ಚಾಲಕರ ಸೊಂಟದಳತೆ ನಿರ್ವಾಹಕರದ್ದಕ್ಕಿಂತ ದೊಡ್ಡದಿತ್ತು, ಆದ್ದರಿಂದ ವ್ಯತ್ಯಾಸದ ಒಂದು ಪಾಲು ಕೆಲಸಕ್ಕೆ ಸೇರುವ ಮೊದಲೇ ಇದ್ದಿರಬಹುದು ಎಂದು ತೋರಿಸಿದರು. ಅವರು ಸ್ವತಃ ವ್ಯಾಯಾಮ ಬಿಡದೆ 99 ವರ್ಷ ಬದುಕಿದರು. ಒಬ್ಬರ ಆಯುಷ್ಯ ಯಾವುದಕ್ಕೂ ಪುರಾವೆಯಲ್ಲ ಎಂದು ಅವರೇ ಮೊದಲು ಹೇಳುತ್ತಿದ್ದರೇನೋ.

ಕೊಟ್ಟಾರದಿಂದ ಹೊರಟ ನಾನು ಹಂಪನಕಟ್ಟೆಯವರೆಗೆ ಟಿಕೆಟ್ ಕೊಳ್ಳುವ ಬದಲು ಲಾಲ್‌ಬಾಗ್‌ನಲ್ಲಿ ಇಳಿದರೆ, ಬಲ್ಲಾಳ್‌ಬಾಗ್, ಪಿವಿಎಸ್ ವೃತ್ತದ ಹಾದಿಯಾಗಿ ಕಚೇರಿಗೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಆಗುತ್ತದೆ. ಬಿರುಸಾಗಿ ನಡೆದರೆ ಇಪ್ಪತ್ತೈದು ನಿಮಿಷ. ಆ ಹೊತ್ತಿನ ವಾಹನ ದಟ್ಟಣೆಯಲ್ಲಿ ಬಸ್ಸೂ ಅಷ್ಟು ಬೇಗನೇನೂ ಮುಟ್ಟುವುದಿಲ್ಲವಾದ್ದರಿಂದ ನಿಜವಾಗಿ ಹೆಚ್ಚಿಗೆ ಖರ್ಚಾಗುವುದು ಹತ್ತು ಹನ್ನೆರಡು ನಿಮಿಷ ಮಾತ್ರ. ವಾರದಲ್ಲಿ ನಾಲ್ಕು ದಿನ ಕೈಗೂಡಿದರೂ ನೂರು ನಿಮಿಷ ಜಮೆಯಾಯಿತು.

ಕಾಗದದ ಮೇಲೆ ಇಷ್ಟು ಸುಲಭವಾದದ್ದು ಮಂಗಳೂರಿನ ಹವೆಯಲ್ಲಿ ಸುಲಭವಲ್ಲ. ಬೆಂಗಳೂರಿನವರು ಬರೆಯುವ ಆರೋಗ್ಯ ಲೇಖನಗಳಲ್ಲಿ ಈ ತೊಡಕಿನ ಪ್ರಸ್ತಾಪವೇ ಇರುವುದಿಲ್ಲ. ಇಲ್ಲಿ ಬೆವರು ಆರುವುದಿಲ್ಲ. ಬೆವರು ಆವಿಯಾದರೆ ಮಾತ್ರ ಮೈ ತಣಿಯುವುದು. ಗಾಳಿಯಲ್ಲಿ ಮೊದಲೇ ತೇವ ತುಂಬಿರುವಾಗ ಅದು ಆವಿಯಾಗದೆ ಅಂಗಿಯನ್ನು ತೋಯಿಸುತ್ತದೆ, ಮತ್ತು ಮೈಯನ್ನು ತಣಿಸಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ತಳ್ಳಬೇಕಾಗುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅದೇ ವೇಗದ ನಡಿಗೆ ಡಿಸೆಂಬರಿನಲ್ಲಿ ಆದದ್ದಕ್ಕಿಂತ ಹೆಚ್ಚಿನ ಶ್ರಮವಾಗುತ್ತದೆ. ವೇಗವನ್ನು ಗಡಿಯಾರದಿಂದ ಅಳೆಯದೆ ಉಸಿರಿನಿಂದ ಅಳೆಯಬೇಕು. ಬೆವರಿನಲ್ಲಿ ನೆನೆದು ಗ್ರಾಹಕರ ಎದುರು ಕೂರುವುದಂತೂ ಯಾರಿಗೂ ಹಿತವಲ್ಲ, ಎದುರಿಗೆ ಕೂತವರಿಗಂತೂ ಮೊದಲೇ ಅಲ್ಲ.

ಹೀಗಾಗಿ ನನ್ನ ವಾರದ ವೇಳಾಪಟ್ಟಿ ಋತುವಿನ ಜೊತೆ ಬದಲಾಗುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೆಳಿಗ್ಗೆ ಒಂದಿಷ್ಟು ತಂಪಿರುವಾಗ ಲಾಲ್‌ಬಾಗ್‌ನಿಂದ ಕಚೇರಿಗೆ ನಡಿಗೆ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಅದನ್ನು ತಿರುಗಿಸಿ ಸಂಜೆಗೆ ಹಾಕುತ್ತೇನೆ. ಕಚೇರಿಯಿಂದ ಲಾಲ್‌ಬಾಗ್‌ವರೆಗೆ ನಡೆದು ಅಲ್ಲಿ ಬಸ್ಸು ಹಿಡಿದರೆ, ಎಷ್ಟು ಬೆವರಿದರೂ ಮುಂದೆ ಇರುವುದು ಮನೆಯ ಬಚ್ಚಲು. ಮಳೆಗಾಲದ ಮಾತು ಬೇರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುವ ಊರಿನಲ್ಲಿ, ವರ್ಷದ ಮೂರನೆಯ ಒಂದು ಭಾಗವನ್ನು ಬಿಟ್ಟುಬಿಡುವ ಯೋಜನೆ ಯೋಜನೆಯೇ ಅಲ್ಲ. ಆಟಿ ತಿಂಗಳ ಜೋರು ಮಳೆಯಲ್ಲಿ ಚರಂಡಿಯ ಚಪ್ಪಡಿ ಎಲ್ಲಿ ಬಾಯಿಬಿಟ್ಟಿದೆ ಎಂದು ತಿಳಿಯದೆ, ಪಕ್ಕದಲ್ಲಿ ಹೋಗುವ ಬಸ್ಸಿನ ಕೆಸರು ನೀರಿನಲ್ಲಿ ಮೀಯುತ್ತ ನಡೆಯುವುದರಲ್ಲಿ ಸಾಹಸವಿದೆಯೇ ಹೊರತು ಆರೋಗ್ಯವಿಲ್ಲ. ಆಗ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್ ನಿಲ್ದಾಣದವರೆಗೆ ಮಾತ್ರ ಕೊಡೆ ಹಿಡಿದು ನಡೆಯುತ್ತೇನೆ. ದಾರಿ ಚಿಕ್ಕದು, ಆದರೆ ಬಸ್ಸು ಹೊರಡುವುದೇ ಅಲ್ಲಿಂದಾದ್ದರಿಂದ ಕೂರಲು ಸೀಟು ಸಿಗುತ್ತದೆ. ಕೂರುವ ಆಸೆಗಾಗಿ ನಡೆಯುವುದು ವಿಚಿತ್ರವೇ ಸರಿ. ಆದರೆ ಆರೋಗ್ಯದ ಮೇಲಿನ ಪ್ರೀತಿಗಿಂತ ಸೀಟಿನ ಮೇಲಿನ ಪ್ರೀತಿ ಹೆಚ್ಚು ನಂಬಿಕಸ್ತ ಎಂಬುದು ನನ್ನ ಅನುಭವ.

ಸ್ಕೂಟರಿನವರಿಗೆ, ಕಂಪನಿಯ ಬಸ್ಸಿನಲ್ಲಿ ಮುಡಿಪಿಗೋ ಬೈಕಂಪಾಡಿಗೋ ಹೋಗುವವರಿಗೆ ಈ ಉಪಾಯ ದಕ್ಕುವುದಿಲ್ಲ. ಅವರಿಗೆ ಉಳಿಯುವುದು ಮೆಟ್ಟಿಲು. ಗುಡ್ಡ ಕಡಿದು ಕಟ್ಟಿದ ಈ ಊರಿನಲ್ಲಿ ಏರುದಾರಿಗೆ ಬರವಿಲ್ಲ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಒಮ್ಮೆ ನಿಲ್ಲದೆ ಹತ್ತಿದರೆ ಅದು ತೀವ್ರ ಶ್ರಮವೋ ಮಧ್ಯಮ ಶ್ರಮವೋ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. 2022ರಲ್ಲಿ ಬ್ರಿಟನ್ನಿನ, ವ್ಯಾಯಾಮವನ್ನೇ ಮಾಡದ 25 ಸಾವಿರಕ್ಕೂ ಹೆಚ್ಚು ಜನರ ಕೈಗೆ ಕಟ್ಟಿದ ಸಾಧನಗಳ ದಾಖಲೆಯನ್ನು ಪರಿಶೀಲಿಸಿದ ಅಧ್ಯಯನವೊಂದು, ದಿನದಲ್ಲಿ ಮೂರು ಬಾರಿ ಒಂದೆರಡು ನಿಮಿಷ ಮಾತ್ರ ಏದುಸಿರು ಬರುವಷ್ಟು ಚುರುಕಾಗಿ ಓಡಾಡಿದವರಲ್ಲಿ ಸಾವಿನ ಅಪಾಯ ಶೇಕಡಾ 40ರ ಆಸುಪಾಸು ಕಡಿಮೆ ಇತ್ತೆಂದು ಕಂಡಿತು. ಇಂಥ ಅಧ್ಯಯನಗಳು ನಂಟನ್ನು ತೋರಿಸುತ್ತವೆ, ಕಾರಣವನ್ನು ಸಾಬೀತುಪಡಿಸುವುದಿಲ್ಲ. ಆರೋಗ್ಯವಂತರೇ ಹೆಚ್ಚು ಚುರುಕಾಗಿರುತ್ತಾರೆ ಎಂಬ ಸಾಧ್ಯತೆ ಸದಾ ಇರುತ್ತದೆ. ಆದರೂ ಮೂರನೆಯ ಮಹಡಿಯ ಕಚೇರಿಗೆ ಲಿಫ್ಟಿನ ಮುಂದೆ ಸಾಲು ನಿಲ್ಲುವುದಕ್ಕಿಂತ ಹತ್ತಿಬಿಡುವುದೇ ಲೇಸು. ಮಂಡಿನೋವಿರುವವರು ಹತ್ತುವಾಗ ಮೆಟ್ಟಿಲನ್ನೂ ಇಳಿಯುವಾಗ ಲಿಫ್ಟನ್ನೂ ಬಳಸಬಹುದು. ಮಂಡಿಗೆ ಹೆಚ್ಚು ಕಾಟ ಕೊಡುವುದು ಇಳಿಯುವ ಕೆಲಸ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ರಾತ್ರಿ ಹತ್ತೂವರೆಗೆ ಹಜಾರದಲ್ಲಿ ಗಡಿಬಿಡಿಯಿಂದ ಸುತ್ತುವವರಿಗೆ ಒಂದು ಮಾತು: ಆ ಸಂಖ್ಯೆ ಬಂದದ್ದು ಪ್ರಯೋಗಶಾಲೆಯಿಂದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. 2019ರಲ್ಲಿ ಅಮೆರಿಕದ ಹಿರಿಯ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆಯ ಹೊತ್ತಿಗೇ ಲಾಭ ಸ್ಪಷ್ಟವಾಗಿ ಕಾಣಿಸಿ, 7,500ರ ಸುಮಾರಿಗೆ ಸಮತಟ್ಟಾಯಿತು.

ರಾತ್ರಿ ಸುತ್ತುವುದೇ ಆದರೆ ಊಟವಾದ ಕೂಡಲೇ ಸುತ್ತುವುದಕ್ಕೆ ಒಳ್ಳೆಯ ಕಾರಣವಿದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡನೆಯ ಬಗೆಯ ಸಕ್ಕರೆ ಕಾಯಿಲೆಯುಳ್ಳವರು ದಿನದಲ್ಲಿ ಯಾವಾಗಲೋ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆಯ ಏರಿಕೆ ಸರಾಸರಿ ಶೇಕಡಾ 12ರಷ್ಟು ಕಡಿಮೆಯಾಯಿತು. ರಾತ್ರಿಯೂಟದ ನಂತರ ಶೇಕಡಾ 22ರಷ್ಟು. ಕುಚ್ಚಲಕ್ಕಿ ಅನ್ನವನ್ನು ರಾತ್ರಿಯೂ ಹೊಟ್ಟೆ ತುಂಬ ಉಣ್ಣುವ ನಮ್ಮ ಮನೆಗಳಿಗೆ ಇದಕ್ಕಿಂತ ಅನುಕೂಲದ ಸುದ್ದಿ ಬೇರೆಯಿಲ್ಲ. ಹತ್ತು ನಿಮಿಷದ ನಿಧಾನ ನಡಿಗೆಯಿಂದ ನಿದ್ರೆ ಕೆಡುವ ಭಯವೂ ಬೇಡ. ಮಲಗುವುದಕ್ಕೆ ಒಂದು ಗಂಟೆಯೊಳಗೆ ಮುಗಿಯುವ ತೀವ್ರ ವ್ಯಾಯಾಮ ಮಾತ್ರ ನಿದ್ರೆಗೆ ಅಡ್ಡಿ ಮಾಡಬಹುದು.

ಇಷ್ಟೆಲ್ಲ ಬರೆಯುವಾಗ ಒಂದು ಸಂಕೋಚ ನನ್ನನ್ನು ಬಿಡುವುದಿಲ್ಲ. ಲಾಲ್‌ಬಾಗ್‌ನಲ್ಲಿ ಇಳಿಯುವ ಸ್ವಾತಂತ್ರ್ಯ ಗಂಡಸಿನ ಸ್ವಾತಂತ್ರ್ಯ. 2024ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ; ಗಂಡಸರಲ್ಲಿ ಶೇಕಡಾ 42, ಹೆಂಗಸರಲ್ಲಿ ಶೇಕಡಾ 57. ಮನೆಯಲ್ಲಿ ಹೆಚ್ಚು ದುಡಿಯುವವರೇ ಈ ಪಟ್ಟಿಯಲ್ಲಿ ಹಿಂದೆ ಇದ್ದಾರೆ. ನಮ್ಮ ಜಿಲ್ಲೆಗಳಲ್ಲಿ ಇದು ಆಶ್ಚರ್ಯವೇ ಅಲ್ಲ. ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು ದಿನಕ್ಕೆ ಎಂಟು ಹತ್ತು ಗಂಟೆ ಬೀಡಿ ಕಟ್ಟುವ ಹೆಂಗಸರು, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯಲು ಕೂರುವವರು, ಟೈಲರಿಂಗ್ ಯಂತ್ರದ ಮುಂದೆ ಬಾಗಿರುವವರು ಯಾರೂ ಕಚೇರಿಯವರಲ್ಲ, ಆದರೆ ಕೂರುವುದರಲ್ಲಿ ನಮ್ಮನ್ನೂ ಮೀರಿಸಿದವರು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಹೋಗಿಬರುವ ದಾರಿಯೇ ಕೆಲವರ ದಿನದ ಮುಖ್ಯ ನಡಿಗೆ. ಅವರಿಗೆ "ನಿಮಗಾಗಿ ಒಂದು ಗಂಟೆ ಮೀಸಲಿಡಿ" ಎಂದು ಹೇಳುವುದು ಸುಮ್ಮನೆ ಬಾಯಿಮಾತು. ಮನೆಗೆಲಸವೇ ವ್ಯಾಯಾಮ ಎಂಬ ಸಮಾಧಾನವೂ ಅರ್ಧ ಸತ್ಯ. ಬಾವಿಯಿಂದ ನೀರು ಸೇದಿ, ಕಡೆಯುವ ಕಲ್ಲಿನ ಮುಂದೆ ಕೂತು ಬದುಕಿದ ಹಿಂದಿನ ತಲೆಮಾರಿನ ಹೆಂಗಸರ ಬೆನ್ನು, ಮಂಡಿಗಳು ಎಷ್ಟು ವರ್ಷಕ್ಕೆ ಸವೆದವು ಎಂದು ಆ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಬಗ್ಗಿಯೇ ಮಾಡುವ ಒಂದೇ ಬಗೆಯ ದುಡಿಮೆ ಬೇರೆ, ಎಲ್ಲ ಕೀಲುಗಳಿಗೂ ಸ್ನಾಯುಗಳಿಗೂ ಪಾಲು ಹಂಚುವ ವ್ಯಾಯಾಮ ಬೇರೆ.

ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಕಂಡುಕೊಂಡ ದಾರಿ ನನಗೆ ಮೆಚ್ಚಿಗೆಯಾಯಿತು. ರಾತ್ರಿ ಊಟವಾದ ಮೇಲೆ ಅವರು ಅತ್ತೆಯನ್ನು ಕರೆದುಕೊಂಡು ಫ್ಲ್ಯಾಟಿನ ತಾರಸಿಯಲ್ಲಿ ಹತ್ತು ಹದಿನೈದು ನಿಮಿಷ ನಡೆಯುತ್ತಾರೆ. ಆ ಹೊತ್ತಿನಲ್ಲಿ ಪಾತ್ರೆ ತೊಳೆಯುವುದು ಗಂಡನ ಪಾಲು. "ಒಬ್ಬಳೇ ಹೊರಟರೆ ವಾಕಿಂಗ್, ಅತ್ತೆ ಜೊತೆಗಿದ್ದರೆ ಸೇವೆ ಅಲ್ವಾ" ಎಂದು ಅವರು ನಗುತ್ತಾರೆ. ಯಾರೂ ಆಕ್ಷೇಪಿಸದ ಜಾಗದಲ್ಲಿ ಅದನ್ನು ಇಟ್ಟಿದ್ದಾರೆ.

ಬಲದ ವ್ಯಾಯಾಮವನ್ನು ನಮ್ಮ ನಡುವಯಸ್ಸಿನವರು ಪೂರ್ತಿಯಾಗಿ ಮರೆತೇಬಿಟ್ಟಿದ್ದೇವೆ. ನಡೆಯುತ್ತೇನಲ್ಲ, ಸಾಕು ಎನ್ನುತ್ತೇವೆ. ನಡಿಗೆ ಹೃದಯಕ್ಕೆ ಸಾಕಾಗಬಹುದು; ವಯಸ್ಸಿನೊಡನೆ ತಾನಾಗಿ ಕರಗುತ್ತ ಹೋಗುವ ಸ್ನಾಯುವನ್ನು ಅದು ಉಳಿಸಿಕೊಡುವುದಿಲ್ಲ. ರಕ್ತದಲ್ಲಿನ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ ಆದ್ದರಿಂದ ಅವುಗಳನ್ನು ಕಳೆದುಕೊಳ್ಳುವುದು ಸೌಂದರ್ಯದ ಪ್ರಶ್ನೆಯಲ್ಲ. ಕರಾವಳಿಗೆ ಭಾರ ಎತ್ತುವುದು ಹೊಸತೇನೂ ಅಲ್ಲ. ಆಂಜನೇಯನ ಪಟವಿಟ್ಟ ವ್ಯಾಯಾಮಶಾಲೆಗಳು, ತಾಲೀಮಿನ ತಂಡಗಳು ಇಲ್ಲಿ ಇಂದಿಗೂ ಇವೆ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರು ವೇಟ್‌ಲಿಫ್ಟಿಂಗ್‌ನಲ್ಲಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ಬೆಳ್ಳಿಯನ್ನೂ 2022ರಲ್ಲಿ ಕಂಚನ್ನೂ ತಂದವರು. ನಮಗೆ ಬೇಕಾದದ್ದು ಅದರ ಸಾವಿರದ ಒಂದು ಪಾಲು: ಕುರ್ಚಿಯಿಂದ ಕೈಯ ಆಸರೆಯಿಲ್ಲದೆ ನಿಧಾನವಾಗಿ ಏಳುವುದು ಕೂರುವುದು, ಅದು ಸಲೀಸಾದ ಮೇಲೆ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಆಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ, ಅಕ್ಕಿ ತುಂಬಿದ ಚೀಲವನ್ನು ಸೊಂಟದಿಂದ ಬಾಗಿ ಎತ್ತಿ ಎದೆಯ ಕಡೆಗೆ ಎಳೆಯುವುದು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಕೊನೆಯ ಎರಡು ಮೂರು ಬಾರಿ ಕಷ್ಟವಾಗಬೇಕು, ಅಷ್ಟೆ.

ಇದನ್ನು ಇಡಲು ನಮ್ಮೂರಿನಲ್ಲಿ ಒಂದು ಸಿದ್ಧ ಜಾಗವಿದೆ, ಸಂಜೆಯ ಸ್ನಾನ. ಸೆಕೆಯ ಊರಿನವರಾದ ನಾವು ಕೆಲಸದಿಂದ ಬಂದು ಮೀಯದೆ ಉಣ್ಣುವವರಲ್ಲ. ವಾರದಲ್ಲಿ ಎರಡು ಸಂಜೆ, ಬಾಗಿಲು ದಾಟಿ ಬ್ಯಾಗ್ ಇಟ್ಟ ಮೇಲೆ ಎಲ್ಲಿಯೂ ಕೂರದೆ, ಬಟ್ಟೆ ಬದಲಾಯಿಸಿ ನೇರ ಈ ಇಪ್ಪತ್ತು ನಿಮಿಷ, ಆಮೇಲೆ ಬಚ್ಚಲಿಗೆ. ಕೂರದಿರುವುದೇ ಇಲ್ಲಿಯ ಮುಖ್ಯ ನಿಯಮ. ಚಹಾ ಕೂಡ ಸ್ನಾನದ ನಂತರವೇ. ಮನೆಯವರು ಮೊದಲ ತಿಂಗಳು ವಿಚಿತ್ರವಾಗಿ ನೋಡಿದರು. ಈಗ ನಾನು ಬಂದ ಕೂಡಲೇ ಅಕ್ಕಿಯ ಚೀಲಕ್ಕೆ ಕಾಲು ತಾಗದ ಹಾಗೆ ದಾರಿ ಬಿಡುತ್ತಾರೆ.

ವಾರದಲ್ಲಿ ಏನೂ ಆಗದವರಿಗೆ ಭಾನುವಾರವಿದೆ. 2023ರಲ್ಲಿ ಪ್ರಕಟವಾದ, ಸುಮಾರು 90 ಸಾವಿರ ಬ್ರಿಟಿಷರ ಚಟುವಟಿಕೆಯನ್ನು ಯಂತ್ರದಿಂದ ಅಳೆದ ಅಧ್ಯಯನವೊಂದರಲ್ಲಿ, ವಾರದ 150 ನಿಮಿಷದ ಬಹುಭಾಗವನ್ನು ಒಂದೆರಡು ದಿನದಲ್ಲೇ ಮುಗಿಸಿದವರಿಗೂ ವಾರವಿಡೀ ಹಂಚಿದವರಿಗೂ ಹೃದ್ರೋಗದ ಅಪಾಯ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿತ್ತು. ಸುಲ್ತಾನ್ ಬತ್ತೇರಿಯಿಂದ ದೋಣಿ ದಾಟಿ ತಣ್ಣೀರುಬಾವಿಯ ಮರಳಿನಲ್ಲಿ ಒಂದು ಗಂಟೆ ನಡೆಯುವುದು, ಉಡುಪಿಯವರಾದರೆ ಮಲ್ಪೆಯಲ್ಲಿ ನಡೆಯುವುದು, ಯಾವ ಟ್ರೆಡ್‌ಮಿಲ್‌ಗೂ ಕಡಿಮೆಯಲ್ಲ. ಮೆತ್ತನೆಯ ಮರಳಿನಲ್ಲಿ ಅದೇ ದೂರಕ್ಕೆ ಹೆಚ್ಚು ಶಕ್ತಿ ಬೇಕಾಗುತ್ತದೆ. ಆದರೆ ನಮ್ಮ ಭಾನುವಾರಗಳನ್ನು ನಂಬುವುದು ಕಷ್ಟ. ನವೆಂಬರಿನಿಂದ ಮೇವರೆಗೆ ಮದುವೆ, ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶ, ದೈವದ ನೇಮ, ರಾತ್ರಿಯಿಡೀ ಯಕ್ಷಗಾನದ ಆಟ. ಹೋಗದಿದ್ದರೆ ಸಂಬಂಧ ಕೆಡುತ್ತದೆ, ಹೋದರೆ ಮಧ್ಯಾಹ್ನದ ಊಟಕ್ಕೆ ಹಂತಿ ಹಿಡಿದು ಕೂರಬೇಕು. ಆದ್ದರಿಂದ ಭಾನುವಾರವನ್ನು ನಾನು ಹೆಚ್ಚುವರಿಯಾಗಿ ಬರೆದುಕೊಳ್ಳುತ್ತೇನೆ, ಮೂಲ ಲೆಕ್ಕದಲ್ಲಿ ಸೇರಿಸುವುದಿಲ್ಲ.

ಕೊನೆಗೆ ಉಳಿಯುವುದು ಕೆಟ್ಟ ವಾರಗಳ ಪ್ರಶ್ನೆ. ಲೆಕ್ಕಪತ್ರದವರಿಗೆ ಮಾರ್ಚ್ ಕೊನೆಯ ವಾರಗಳು, ಶಿಕ್ಷಕರಿಗೆ ಉತ್ತರಪತ್ರಿಕೆಯ ದಿನಗಳು, ಆಸ್ಪತ್ರೆಯವರಿಗೆ ರಾತ್ರಿಪಾಳಿ. ಅಂಥ ವಾರಗಳಲ್ಲಿ ಎಲ್ಲವನ್ನೂ ಹಿಡಿದುಕೊಳ್ಳಲು ಹೋಗಿ ಎಲ್ಲವನ್ನೂ ಕೈಬಿಡುವುದಕ್ಕಿಂತ, ಯಾವುದನ್ನು ಬಿಡುವುದು ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. 2011ರಲ್ಲಿ ಅಲಬಾಮಾದ ಸಂಶೋಧಕರು ಹದಿನಾರು ವಾರ ಬಲದ ವ್ಯಾಯಾಮ ಮಾಡಿಸಿದವರಲ್ಲಿ ಕೆಲವರಿಗೆ ನಂತರದ 32 ವಾರ ಮೂಲ ಪ್ರಮಾಣದ ಒಂಬತ್ತನೆಯ ಒಂದು ಪಾಲನ್ನು ಮಾತ್ರ ಕೊಟ್ಟು ನೋಡಿದರು. ಯುವಕರು ಗಳಿಸಿದ್ದನ್ನು ಅಷ್ಟರಲ್ಲೇ ಉಳಿಸಿಕೊಂಡರು. ಅರವತ್ತು ದಾಟಿದವರಲ್ಲಿ ಸ್ನಾಯುವಿನ ಗಾತ್ರ ಒಂದಿಷ್ಟು ಇಳಿದರೂ ಬಲ ಬಹುಪಾಲು ಉಳಿಯಿತು. ಕಟ್ಟುವುದಕ್ಕೆ ಬೇಕಾದಷ್ಟು ಶ್ರಮ ಕಾಯುವುದಕ್ಕೆ ಬೇಡ ಎಂದಾಯಿತು. ಹಾಗಾಗಿ ಮಾರ್ಚಿನ ಕೊನೆಯ ವಾರಗಳಲ್ಲಿ ನಾನು ಲಾಲ್‌ಬಾಗ್‌ನ ನಡಿಗೆಯನ್ನೂ ತಣ್ಣೀರುಬಾವಿಯನ್ನೂ ಯಾವ ಅಳುಕಿಲ್ಲದೆ ಬಿಟ್ಟುಬಿಡುತ್ತೇನೆ. ಕಚೇರಿಯ ಮೆಟ್ಟಿಲು ಮತ್ತು ಸ್ನಾನಕ್ಕೆ ಮೊದಲಿನ ಒಂದು ಸಂಜೆ, ಇವೆರಡನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಪುಸ್ತಕಗಳು ಮುಚ್ಚಿ, ನಿದ್ರೆ ಸರಿಹೋದ ಮೇಲೆ ಸಂಜೆಯ ನಡಿಗೆ ಮತ್ತೆ ಶುರು. ಆಗ ಸೆಕೆ ಏರಿರುವುದರಿಂದ ಮೊದಲ ವಾರ ಪಿವಿಎಸ್ ವೃತ್ತದವರೆಗೆ ಮಾತ್ರ.